ರಾಷ್ಟ್ರಪತಿ ಸಹಿಯ ಮೇಲೊಂದು ಖಟ್ಲೆ

1989ರ ಏಪ್ರಿಲ್ 27ರಂದು ಕರ್ನಾಟಕ ವಿಧಾನಸಭೆ ಸೇರಬೇಕಾಗಿತ್ತು. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಸಂಪುಟ ಏಪ್ರಿಲ್ 20ರಂದೇ ಹಾಗೆ ತೀರ್ಮಾನಿಸಿತ್ತು. ನಮ್ಮ ಬೆನ್ನಿಗೆ ಎಷ್ಟು ಶಾಸಕರಿದ್ದಾರೆ ಎಂಬುದನ್ನು ಸದನದಲ್ಲೇ ಎಣಿಸೋಣ ಎಂದು ಮುಖ್ಯಮಂತ್ರಿ ಮತ್ತು ಕಾನೂನು ಸಚಿವರು ರಾಜ್ಯಪಾಲರನ್ನು ಕಂಡು ಹೇಳಿಬಂದಿದ್ದರು. ಮರುದಿನವೇ ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಸಹಿ ಬಿದ್ದ ಘೋಷಣೆ ಹೊರಬಿತ್ತು. ಸರ್ಕಾರ ವಜಾ ಆಯಿತು, ಅದರ ಜೊತೆಗೆ ವಿಧಾನಸಭೆಯೂ ವಿಸರ್ಜನೆಯಾಯಿತು. ಎಣಿಸಲು ಸದನವೇ ಉಳಿಯಲಿಲ್ಲ.

ಆ ಒಂದು ವಾರದ ಘಟನೆಗಳನ್ನು ಸಾಲಾಗಿ ನೋಡಿದರೆ ಅವಸರ ಎದ್ದು ಕಾಣುತ್ತದೆ. ದೂರವಾಣಿ ಕದ್ದಾಲಿಕೆಯ ಆರೋಪ ಬಂದು ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ಕೆಳಗಿಳಿದಿದ್ದರು. ಆಗಸ್ಟ್ 13ರಂದು ಬೊಮ್ಮಾಯಿ ಮುಖ್ಯಮಂತ್ರಿಯಾದರು. ಜನತಾ ಪಕ್ಷ ಮತ್ತು ಲೋಕದಳ ಸೇರಿ ಜನತಾ ದಳವಾದ ಮೇಲೆ ಒಳಜಗಳ ಕಡಿಮೆಯಾಗುವ ಬದಲು ಹೆಚ್ಚಾಯಿತು. 1989ರ ಏಪ್ರಿಲ್ 15ರಂದು 13 ಮಂದಿಯನ್ನು ಸೇರಿಸಿಕೊಂಡು ಸಂಪುಟ ವಿಸ್ತರಣೆ ಆಯಿತು. ಸ್ಥಾನ ಸಿಕ್ಕವರಿಗಿಂತ ಸಿಗದವರ ಸಂಖ್ಯೆ ಯಾವಾಗಲೂ ದೊಡ್ಡದು. ಎರಡೇ ದಿನಕ್ಕೆ, ಏಪ್ರಿಲ್ 17ರಂದು, ಕೆ.ಆರ್. ಮೊಳಕೇರಿ ಎಂಬ ಶಾಸಕರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಬಳಿಗೆ ಹೋಗಿ ಬೆಂಬಲ ವಾಪಸ್ ಪಡೆದರು. ಮರುದಿನ ಅವರು ಇನ್ನೂ 19 ಶಾಸಕರ ಹೆಸರಿನ ಪತ್ರಗಳನ್ನು ತಂದುಕೊಟ್ಟರು. ಏಪ್ರಿಲ್ 19ರಂದು ರಾಜ್ಯಪಾಲರ ವರದಿ ದೆಹಲಿಗೆ ಹೊರಟಿತು: ಮುಖ್ಯಮಂತ್ರಿಗೆ ಬಹುಮತವಿಲ್ಲ, ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಪ್ರಕಾರ ಕ್ರಮ ಕೈಗೊಳ್ಳಬೇಕು.

ಏಪ್ರಿಲ್ 20ರಂದು ಕಥೆ ತಿರುಗಿತು. ಆ 19 ಜನರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ನಮ್ಮಿಂದ ಸಹಿ ಹಾಕಿಸಿಕೊಂಡರು, ನಮ್ಮ ಬೆಂಬಲ ಸರ್ಕಾರಕ್ಕೇ ಇದೆ ಎಂದು ರಾಜ್ಯಪಾಲರಿಗೆ ಬರೆದುಕೊಟ್ಟರು. ರಾಜ್ಯಪಾಲರು ಅದೇ ದಿನ ಎರಡನೇ ವರದಿ ಕಳಿಸಿದರು. ಅದರಲ್ಲಿ ಏಳು ಪತ್ರಗಳ ಪ್ರಸ್ತಾಪ ಇತ್ತು. ಅವನ್ನು ಶಾಸಕರ ಮೇಲಿನ ಒತ್ತಡದ, ಕುದುರೆ ವ್ಯಾಪಾರದ ಗುರುತಾಗಿ ಓದಲಾಗಿತ್ತೇ ಹೊರತು ಅಭಿಪ್ರಾಯ ಬದಲಾಗಿರಲಿಲ್ಲ. ಪ್ರಧಾನಿ ರಾಜೀವ್ ಗಾಂಧಿ ಅವರ ಸಂಪುಟ ಸಲಹೆ ಕೊಟ್ಟಿತು, ರಾಷ್ಟ್ರಪತಿ ಸಹಿ ಹಾಕಿದರು.

ಬೊಮ್ಮಾಯಿ ನಮ್ಮ ಧಾರವಾಡ ಕಡೆಯ ಮನುಷ್ಯ. ಹುಟ್ಟಿದ್ದು ಶಿಗ್ಗಾವಿ ತಾಲ್ಲೂಕಿನ ಕಾರಡಗಿಯಲ್ಲಿ. ಅದು ಇಂದು ಹಾವೇರಿ ಜಿಲ್ಲೆಗೆ ಸೇರಿದ್ದರೂ ಆಗ ಧಾರವಾಡ ಜಿಲ್ಲೆಯೇ. ವೃತ್ತಿಯಿಂದ ವಕೀಲರು, ವಿಚಾರದಲ್ಲಿ ಎಂ.ಎನ್. ರಾಯ್ ಅವರ ಅನುಯಾಯಿ. 1978ರಿಂದ ಸತತ ಮೂರು ಸಲ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದವರು. ಅವರ ಸರ್ಕಾರ ಹೋದ ಸುದ್ದಿಯನ್ನು ಅಳ್ನಾವರ ಓದಿದ್ದು ಹುಬ್ಬಳ್ಳಿಯಿಂದ ಬರುವ ಪತ್ರಿಕೆಗಳಲ್ಲೇ. ಅಳ್ನಾವರ ಆಗ ಧಾರವಾಡ ತಾಲ್ಲೂಕಿಗೆ ಸೇರಿದ ಊರು. ಹುಬ್ಬಳ್ಳಿಯಿಂದ ಲೋಂಡಾಕ್ಕೆ ಹೋಗುತ್ತಿದ್ದ ಮೀಟರ್ ಗೇಜ್ ಹಳಿಯಿಂದ ದಾಂಡೇಲಿಯ ಕವಲು ಒಡೆಯುವ ಜಂಕ್ಷನ್. ಕಾಡಿನ ಕಟ್ಟಿಗೆ, ಮಲೆನಾಡ ಸೆರಗಿನ ಭತ್ತ, ರೈಲು, ಇವುಗಳ ಸುತ್ತ ಬೆಳೆದ ಊರಿಗೆ ರಾಷ್ಟ್ರಪತಿ ಭವನ ಬಹು ದೂರ. ಆದರೆ ವಿಸರ್ಜನೆಯ ಪೆಟ್ಟು ಬೆಂಗಳೂರಿನ ಮುಖ್ಯಮಂತ್ರಿಯ ಮನೆಗಷ್ಟೇ ಬೀಳಲಿಲ್ಲ. 1985ರಲ್ಲಿ ರಾಜ್ಯದ ಪ್ರತಿ ಊರಿನವರು ಸರತಿಯಲ್ಲಿ ನಿಂತು ಆರಿಸಿದ್ದ ಒಬ್ಬೊಬ್ಬ ಶಾಸಕನೂ ಆ ಒಂದೇ ಸಹಿಯಿಂದ ಮಾಜಿಯಾದ. ತಾನು ಹಾಕಿದ ಮತವನ್ನು ತನ್ನನ್ನು ಕೇಳದೆ ಯಾರೋ ಅಳಿಸಿದರೆ ಮತದಾರ ಕೇಳುವ ಮೊದಲ ಪ್ರಶ್ನೆ ಸರಳ: ಯಾರ ಮ್ಯಾಲ ಖಟ್ಲೆ ಹಾಕೂದು?

ರಾಷ್ಟ್ರಪತಿಯ ಮೇಲೆ ಹಾಕುವಂತಿಲ್ಲ. ಸಂವಿಧಾನದ 361ನೇ ವಿಧಿ ಅದನ್ನು ಬಿಡಿಸಿ ಹೇಳುತ್ತದೆ: ತಮ್ಮ ಅಧಿಕಾರ ಚಲಾಯಿಸಿದ್ದಕ್ಕೆ ರಾಷ್ಟ್ರಪತಿಯಾಗಲಿ ರಾಜ್ಯಪಾಲರಾಗಲಿ ಯಾವ ನ್ಯಾಯಾಲಯಕ್ಕೂ ಉತ್ತರ ಕೊಡಬೇಕಾಗಿಲ್ಲ. ಅಧಿಕಾರದಲ್ಲಿ ಇರುವಷ್ಟು ಕಾಲ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯುವುದಿಲ್ಲ. ಖಾಸಗಿ ವ್ಯವಹಾರದ ಸಿವಿಲ್ ದಾವೆಗೂ ಎರಡು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ಉಳಿದ ಒಂದೇ ದಾರಿ 61ನೇ ವಿಧಿಯ ಮಹಾಭಿಯೋಗ. ಅದು ಸಂಸತ್ತಿನ ಕೈಯಲ್ಲಿದೆ, ಇಂದಿನವರೆಗೆ ಯಾವ ರಾಷ್ಟ್ರಪತಿಯ ಮೇಲೂ ಬಳಕೆಯಾಗಿಲ್ಲ.

ರಾಷ್ಟ್ರಪತಿ ಕೋರ್ಟಿನ ಮೆಟ್ಟಿಲು ಹತ್ತಿದ್ದೇ ಇಲ್ಲ ಎನ್ನುವ ಹಾಗೂ ಇಲ್ಲ. ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ 1969ರಲ್ಲಿ ರಾಷ್ಟ್ರಪತಿಯಾದಾಗ ಆ ಆಯ್ಕೆಯನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 1970ರಲ್ಲಿ ಗಿರಿ ಸ್ವತಃ ಬಂದು ಸಾಕ್ಷಿ ನುಡಿದರು. ಅರ್ಜಿ ಕೊನೆಗೆ ವಜಾ ಆಯಿತು. ಅದು ಚುನಾವಣೆಯ ತಕರಾರು. ಹುದ್ದೆಯಲ್ಲಿ ಕೂತು ಹಾಕಿದ ಸಹಿಯ ಪ್ರಶ್ನೆ ಬೇರೆ, ಅದರ ಸುತ್ತ ಕಟ್ಟಿದ್ದ ಗೋಡೆ ಇನ್ನೂ ಎತ್ತರ.

ಆ ಗೋಡೆ ಎದ್ದದ್ದು ಹಂತಹಂತವಾಗಿ. 1949ರ ಆಗಸ್ಟ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ 356ನೇ ವಿಧಿ ಬಳಕೆಗೇ ಬಾರದೆ ಕಾಗದದಲ್ಲೇ ಉಳಿಯಲಿ ಎಂದು ಆಶಿಸಿದ್ದರು. ಬಳಸಲೇಬೇಕಾದರೆ ಮೊದಲು ರಾಜ್ಯಕ್ಕೆ ಎಚ್ಚರಿಕೆ ಕೊಡಲಿ, ಆಮೇಲೆ ಚುನಾವಣೆಗೆ ಬಿಡಲಿ, ಎರಡೂ ಸೋತರೆ ಮಾತ್ರ ಇದಕ್ಕೆ ಕೈಹಾಕಲಿ ಎಂದಿದ್ದರು. ಆಗಿದ್ದು ತಿರುಗುಮುರುಗು. 1959ರಲ್ಲಿ ಕೇರಳದ ನಂಬೂದಿರಿಪಾಡ್ ಸರ್ಕಾರ ಹೋಯಿತು. ಕರ್ನಾಟಕವೂ 1971ರಲ್ಲಿ ಒಮ್ಮೆ, 1977ರ ಡಿಸೆಂಬರ್ 31ರಂದು ದೇವರಾಜ ಅರಸರ ಸರ್ಕಾರ ವಜಾ ಆದಾಗ ಇನ್ನೊಮ್ಮೆ ರಾಷ್ಟ್ರಪತಿ ಆಳ್ವಿಕೆ ಕಂಡಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ 38ನೇ ತಿದ್ದುಪಡಿಯ ಮೂಲಕ, ರಾಷ್ಟ್ರಪತಿಗೆ ಮನವರಿಕೆಯಾಗಿದೆ ಎಂದರೆ ಮುಗಿಯಿತು, ಅದನ್ನು ಯಾವ ನ್ಯಾಯಾಲಯವೂ ಕೆದಕುವಂತಿಲ್ಲ ಎಂದು ಸಂವಿಧಾನದಲ್ಲೇ ಬರೆದುಬಿಟ್ಟರು.

ಈ ಅಧಿಕಾರದ ಭಾರ ಎಷ್ಟೆಂದು ಕನ್ನಡದವರೊಬ್ಬರಿಗೆ ಗೊತ್ತಾದದ್ದು 1977ರಲ್ಲಿ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ ಆಗ ಹಂಗಾಮಿ ರಾಷ್ಟ್ರಪತಿ. ಲೋಕಸಭೆ ಗೆದ್ದ ಜನತಾ ಸರ್ಕಾರ, ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ರಾಜಸ್ಥಾನ ಮುಂತಾದ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 29ರಂದು ದಾವೆಗಳನ್ನು ತಳ್ಳಿಹಾಕಿತು. ವಿಸರ್ಜಿಸಿ ಎಂದು ಸಂಪುಟ ಸಲಹೆ ಕೊಟ್ಟಾಗಲೂ ಜತ್ತಿ ಹಿಂದೆಮುಂದೆ ನೋಡಿ, ಕೊನೆಗೆ ಮರುದಿನ ಸಹಿ ಮಾಡಿದರು. ಆ ಒಂದು ದಿನದ ತಡೆ ದೆಹಲಿಯಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಸಲಹೆ ಕೊಟ್ಟವರು ಸಹಿಯ ಮರೆಯಲ್ಲಿ, ಸಹಿ ಹಾಕಿದವರು ಸಲಹೆಯ ಮರೆಯಲ್ಲಿ ನಿಂತಿರುವ ಏರ್ಪಾಡು ಇದು. 1980ರಲ್ಲಿ ಇಂದಿರಾ ಗಾಂಧಿ ಮರಳಿ ಬಂದಾಗ ಲೆಕ್ಕ ಚುಕ್ತಾ ಆಯಿತು. ಮತ್ತೆ ಒಂಬತ್ತು ರಾಜ್ಯಗಳ ವಿಧಾನಸಭೆಗಳು ಹೋದವು.

ಒಂದು ಬಿರುಕು ಮಾತ್ರ ಉಳಿದಿತ್ತು. ಕೋರ್ಟು ಕೆದಕುವಂತಿಲ್ಲ ಎಂಬ ಸಾಲನ್ನು 1978ರ 44ನೇ ತಿದ್ದುಪಡಿ ಕಿತ್ತುಹಾಕಿತ್ತು. 1977ರ ತೀರ್ಪು ಕೂಡ ಅರ್ಜಿಗಳನ್ನು ತಿರಸ್ಕರಿಸುವಾಗಲೇ, ಕೇವಲ ದುರುದ್ದೇಶದ ಅಥವಾ ಸಂಬಂಧವೇ ಇಲ್ಲದ ಕಾರಣಗಳ ಮೇಲೆ ನಿಂತ ಘೋಷಣೆಯನ್ನು ನೋಡಬಹುದು ಎಂಬ ಸಣ್ಣ ಕಿಂಡಿ ಬಿಟ್ಟಿತ್ತು.

ಬೊಮ್ಮಾಯಿ ಆ ಕಿಂಡಿಗೆ ಕೈಹಾಕಿದರು. ವಜಾ ಆದ ಐದನೇ ದಿನಕ್ಕೆ, 1989ರ ಏಪ್ರಿಲ್ 26ರಂದು, ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್ ಅರ್ಜಿ ದಾಖಲಾಯಿತು. ಕಾಗದದ ಮೇಲೆ ಎದುರಾಳಿ ಭಾರತ ಸರ್ಕಾರ. ಸಹಿ ಹಾಕಿದ ವ್ಯಕ್ತಿಯನ್ನು ಕರೆಸುವುದಾಗದಿದ್ದರೂ ಸಹಿ ಬಿದ್ದ ಕಾಗದವನ್ನು ತರಿಸಬಹುದಲ್ಲ! ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಜುಲೈ 6ರಂದು ಅರ್ಜಿಯನ್ನು ವಜಾಗೊಳಿಸಿತು. ಘೋಷಣೆ ಪೂರ್ತಿಯಾಗಿ ಪರಿಶೀಲನೆಯ ಆಚೆಗಿಲ್ಲ ಎಂದು ಒಪ್ಪಿತಾದರೂ ರಾಜ್ಯಪಾಲರ ವರದಿಯಲ್ಲಿರುವ ಸಂಗತಿಗಳು ಅಪ್ರಸ್ತುತವಲ್ಲ, ಸದನದಲ್ಲೇ ಬಹುಮತ ಪರೀಕ್ಷಿಸಬೇಕೆಂಬ ಕಡ್ಡಾಯವೇನೂ ಇಲ್ಲ ಎಂದಿತು.

ಮೇಲ್ಮನವಿ ದೆಹಲಿಗೆ ಹೋಯಿತು. ಕಾಲ ಅದಕ್ಕಾಗಿ ಕಾಯಲಿಲ್ಲ. 1989ರ ನವೆಂಬರ್‌ನಲ್ಲಿ ವಿಧಾನಸಭೆ ಚುನಾವಣೆ ನಡೆದು, 224ರಲ್ಲಿ 178 ಸ್ಥಾನ ಗೆದ್ದ ಕಾಂಗ್ರೆಸ್‌ನ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. 1990ರ ಅಕ್ಟೋಬರ್‌ನಲ್ಲಿ ಪಾಟೀಲರ ಅಧಿಕಾರವೂ ಹೋಗಿ, ಒಂದು ವಾರ ರಾಷ್ಟ್ರಪತಿ ಆಳ್ವಿಕೆ ನಡೆದು, ಬಂಗಾರಪ್ಪ ಬಂದರು. 1992ರಲ್ಲಿ ವೀರಪ್ಪ ಮೊಯಿಲಿ ಬಂದರು. ಕೇಸು ನಡೆದೇ ಇತ್ತು. ಅದರ ಜೊತೆಗೆ ನಾಗಾಲ್ಯಾಂಡ್, ಮೇಘಾಲಯದ ಕೇಸುಗಳೂ ಸೇರಿದವು. ಬಾಬರಿ ಮಸೀದಿ ಉರುಳಿದ ಮೇಲೆ 1992ರ ಡಿಸೆಂಬರ್ 15ರಂದು ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ಬಿಜೆಪಿ ಸರ್ಕಾರಗಳ ತಕರಾರೂ ಸೇರಿತು. ಒಂಬತ್ತು ನ್ಯಾಯಮೂರ್ತಿಗಳು ಕೂತರು.

1994ರ ಮಾರ್ಚ್ 11ರಂದು ತೀರ್ಪು ಬಂತು. ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಬರೆದಿರಲಿಲ್ಲ. ಆದರೆ ಪಿ.ಬಿ. ಸಾವಂತ್, ಕುಲದೀಪ್ ಸಿಂಗ್, ಬಿ.ಪಿ. ಜೀವನ್ ರೆಡ್ಡಿ, ಎಸ್.ಸಿ. ಅಗ್ರವಾಲ್ ಮತ್ತು ಎಸ್. ರತ್ನವೇಲ್ ಪಾಂಡಿಯನ್ ಅವರ ಅಭಿಪ್ರಾಯಗಳು ಸೇರಿ ಬಹುಮತ ಮೂಡಿತು. ಸಚಿವ ಸಂಪುಟ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತೆಂದು ಕೋರ್ಟು ಕೇಳುವಂತಿಲ್ಲ, 74ನೇ ವಿಧಿ ಅದನ್ನು ಮುಚ್ಚಿಟ್ಟಿದೆ. ಆ ಸಲಹೆಗೆ ಆಧಾರವಾದ ಕಾಗದಪತ್ರಗಳನ್ನು ಮಾತ್ರ ಕೇಳಬಹುದು, ಕೇಂದ್ರ ಅವನ್ನು ತೋರಿಸಲೇಬೇಕು. ಆಧಾರವೇ ಇಲ್ಲದಿದ್ದರೆ, ಇದ್ದದ್ದು ಅಪ್ರಸ್ತುತವಾದರೆ, ಉದ್ದೇಶ ಕೆಟ್ಟದಾಗಿದ್ದರೆ ಘೋಷಣೆ ಬೀಳುತ್ತದೆ. ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದು, ವಿಸರ್ಜಿಸುವಂತಿಲ್ಲ. ಘೋಷಣೆ ಬಿದ್ದರೆ ಹೋದ ಸರ್ಕಾರವನ್ನೂ ಸದನವನ್ನೂ ಮರಳಿ ಕೂರಿಸುವ ಅಧಿಕಾರ ಕೋರ್ಟಿಗೆ ಇದೆ.

ಕರ್ನಾಟಕದ ಮಟ್ಟಿಗೆ ತೀರ್ಪು ಇನ್ನೂ ಖಾರವಾಗಿತ್ತು. ಸರ್ಕಾರಕ್ಕೆ ಎಷ್ಟು ಬಲವಿದೆ ಎಂಬುದು ರಾಜ್ಯಪಾಲರ ಅಥವಾ ರಾಷ್ಟ್ರಪತಿಯ ಖಾಸಗಿ ಅಂದಾಜಿನ ಮಾತಲ್ಲ, ಎಲ್ಲರ ಕಣ್ಣೆದುರು ಸದನದಲ್ಲಿ ಎಣಿಸಿ ತೋರಿಸಬಹುದಾದ ಸಂಗತಿ ಎಂದಿತು ಕೋರ್ಟು. ಮುಖ್ಯಮಂತ್ರಿಯೇ ಸದನ ಕರೆಯಲು ಸಿದ್ಧವಿದ್ದಾಗ, ಸಹಿ ಹಾಕಿದವರಲ್ಲೇ ಏಳು ಜನ ತಿರುಗಿಬಿದ್ದಾಗ, ರಾಜ್ಯಪಾಲರು ಪತ್ರಗಳ ಸಾಚಾತನವನ್ನೂ ನೋಡದೆ ವರದಿ ಕಳಿಸಿದ್ದು ತಪ್ಪು. 1989ರ ಏಪ್ರಿಲ್ 21ರ ಘೋಷಣೆ ಸಂವಿಧಾನಬಾಹಿರ. ನಾಗಾಲ್ಯಾಂಡ್, ಮೇಘಾಲಯದ ಘೋಷಣೆಗಳಿಗೂ ಅದೇ ಗತಿ. ಮೂರು ಬಿಜೆಪಿ ಸರ್ಕಾರಗಳ ವಜಾವನ್ನು ಮಾತ್ರ, ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ ಎಂಬ ನೆಲೆಯಲ್ಲಿ ಎತ್ತಿಹಿಡಿಯಿತು.

ಇಷ್ಟೆಲ್ಲ ಗೆದ್ದ ಬೊಮ್ಮಾಯಿ ಅವರಿಗೆ ಸಿಕ್ಕಿದ್ದೇನು? ಏನೂ ಇಲ್ಲ. ನಡುವೆ ಚುನಾವಣೆ ನಡೆದು ಹೊಸ ಸರ್ಕಾರ ಬಂದಿದ್ದರಿಂದ ಪರಿಹಾರ ಕೊಡಲು ಬರುವುದಿಲ್ಲ ಎಂದಿತು ಕೋರ್ಟು. ವಜಾ ಆದ ದಿನದಿಂದ ತೀರ್ಪಿನ ದಿನಕ್ಕೆ ಐದು ವರ್ಷಕ್ಕೆ ಒಂದೂವರೆ ತಿಂಗಳಷ್ಟೇ ಕಡಿಮೆ. ಆ ವಿಧಾನಸಭೆಯ ಅವಧಿ ಹೇಗಿದ್ದರೂ 1990ಕ್ಕೆ ಮುಗಿಯುತ್ತಿತ್ತು. ಸಹಿ ಹಾಕಿದ ರಾಷ್ಟ್ರಪತಿ 1992ರಲ್ಲೇ ನಿವೃತ್ತರಾಗಿದ್ದರು. ಸಲಹೆ ಕೊಟ್ಟ ಪ್ರಧಾನಿ 1991ರಲ್ಲಿ ಹತ್ಯೆಯಾಗಿದ್ದರು. ತಪ್ಪು ನಡೆದಿದೆ ಎಂದು ದೇಶದ ಅತಿ ದೊಡ್ಡ ನ್ಯಾಯಾಲಯ ಹೇಳಿತು. ಅದಕ್ಕೆ ಯಾರೂ ಹೊಣೆ ಹೊರಲಿಲ್ಲ. ಗೆದ್ದವ ಸೋತ, ಸೋತವ ಸತ್ತ ಎಂದು ಕೋರ್ಟು ಕಚೇರಿಯ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರೆ. ಜಮೀನಿನ ಬದುವಿಗಾಗಿ ಧಾರವಾಡಕ್ಕೆ ಅಲೆದು ಸವೆದವರ ಮಾತು ಅದು. ಮುಖ್ಯಮಂತ್ರಿಯಾಗಿದ್ದವರಿಗೂ ಅದರಿಂದ ವಿನಾಯಿತಿ ಇರಲಿಲ್ಲ.

ಇಂಥ ಅಸಮಾಧಾನ ನಮ್ಮಲ್ಲಷ್ಟೇ ಇಲ್ಲ. ಅಮೆರಿಕದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಧ್ವನಿಸುರುಳಿಗಳನ್ನು ಒಪ್ಪಿಸಲು ಹೇಳಿದ ಎರಡೇ ವಾರಕ್ಕೆ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. ಅದೇ ಕೋರ್ಟು 2024ರ ಜುಲೈ 1ರಂದು ಟ್ರಂಪ್ ಪ್ರಕರಣದಲ್ಲಿ, ಅಧ್ಯಕ್ಷರ ಅಧಿಕೃತ ಕೃತ್ಯಗಳಿಗೆ ಕ್ರಿಮಿನಲ್ ಮೊಕದ್ದಮೆಯಿಂದ ವಿಶಾಲ ರಕ್ಷಣೆ ಇದೆ ಎಂದು ಆರು ಮೂರರ ಬಹುಮತದಲ್ಲಿ ಹೇಳಿತು. ಅಲ್ಲಿ ಅಧ್ಯಕ್ಷನೇ ಆಡಳಿತಗಾರ, ಆದ್ದರಿಂದ ಜನರ ಸಿಟ್ಟು ನೇರವಾಗಿ ವ್ಯಕ್ತಿಯ ಮೇಲೆ ಹೋಗುತ್ತದೆ. ನಮ್ಮಲ್ಲಿ ರಾಷ್ಟ್ರಪತಿ ಸಲಹೆಯಂತೆ ನಡೆಯುವವರು. ಸಿಟ್ಟು ಯಾರ ಮೇಲೆ ಹೋಗಬೇಕೆಂಬುದೇ ಮಸುಕು. ಈ ಮಸುಕಿನ ನಡುವೆ ಬೊಮ್ಮಾಯಿ ತೀರ್ಪು ಮಾಡಿದ ಕೆಲಸ ಒಂದು: ವ್ಯಕ್ತಿಯನ್ನು ಬಿಟ್ಟು ಕೃತ್ಯವನ್ನು ಕಟಕಟೆಯಲ್ಲಿ ನಿಲ್ಲಿಸಿತು.

ಇದಾದ ಮೇಲಿನ ಕಥೆಯಲ್ಲಿ ವಿಪರ್ಯಾಸಗಳಿಗೆ ಕೊರತೆಯಿಲ್ಲ. ಬೊಮ್ಮಾಯಿ 1996ರಲ್ಲಿ ಕೇಂದ್ರದಲ್ಲಿ ಮಾನವ ಸಂಪನ್ಮೂಲ ಸಚಿವರಾದರು. ಅದೇ ಸೆಪ್ಟೆಂಬರ್‌ನಲ್ಲಿ ದೇವೇಗೌಡರ ಸರ್ಕಾರ ಗುಜರಾತಿನಲ್ಲಿ ರಾಷ್ಟ್ರಪತಿ ಆಳ್ವಿಕೆ ತಂದಿತು; ಸುರೇಶ್ ಮೆಹ್ತಾ ಅವರ ಬಿಜೆಪಿ ಸರ್ಕಾರ ಹೋಯಿತು. 1997ರ ಅಕ್ಟೋಬರ್‌ನಲ್ಲಿ ಗುಜ್ರಾಲ್ ಸಂಪುಟ ಉತ್ತರ ಪ್ರದೇಶಕ್ಕೂ ಅದನ್ನೇ ಶಿಫಾರಸು ಮಾಡಿತು. ಆ ಸಂಪುಟದಲ್ಲೂ ಬೊಮ್ಮಾಯಿ ಇದ್ದರು. ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಕಡತವನ್ನು ಮರುಪರಿಶೀಲನೆಗೆ ವಾಪಸ್ ಕಳಿಸಿದರು, ಸಂಪುಟ ಕೈಬಿಟ್ಟಿತು. ಸದನದಲ್ಲಿ ಬಹುಮತ ತೋರಿಸಿದ ಸರ್ಕಾರವನ್ನು ಕಿತ್ತರೆ ಕೋರ್ಟಿನಲ್ಲಿ ನಿಲ್ಲದು ಎಂಬುದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ತನ್ನ ಹೆಸರಿನ ತೀರ್ಪು ತಾನು ಕೂತ ಸಂಪುಟಕ್ಕೇ ಲಗಾಮು ಹಾಕಿದ್ದನ್ನು ಬೊಮ್ಮಾಯಿ ಕಣ್ಣಾರೆ ಕಂಡರು. ಅಧಿಕಾರದಲ್ಲಿ ಕೂತವರಿಗೆ 356ರ ರುಚಿ ಹತ್ತುವುದಕ್ಕೆ ಪಕ್ಷದ ಬಣ್ಣ ಅಡ್ಡಿಯಲ್ಲ.

2005ರ ಮೇ 23ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಮಾಸ್ಕೋದಲ್ಲಿದ್ದಾಗ ಬಿಹಾರ ವಿಧಾನಸಭೆಯ ವಿಸರ್ಜನೆಗೆ ಅವರ ಒಪ್ಪಿಗೆ ಪಡೆಯಲಾಯಿತು. ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟು ಅದನ್ನು ಸಂವಿಧಾನಬಾಹಿರ ಎಂದಿತು. ರಾಜೀನಾಮೆ ಪತ್ರ ಬರೆದಿಟ್ಟಿದ್ದೆ ಎಂದು ಕಲಾಂ ಮುಂದೆ ತಮ್ಮ ಪುಸ್ತಕದಲ್ಲಿ ಹೇಳಿಕೊಂಡರು. ಕಾನೂನು ಕೇಳದಿದ್ದರೂ ಮನಸ್ಸಾಕ್ಷಿ ಕೇಳಿದ ಅಪರೂಪದ ಪ್ರಸಂಗ ಅದು. ಆದರೆ ಅಲ್ಲೂ ಚುನಾವಣೆ ಪ್ರಕ್ರಿಯೆ ಶುರುವಾಗಿತ್ತು ಎಂಬ ಕಾರಣಕ್ಕೆ ಹಳೆಯ ಸದನ ಮರಳಲಿಲ್ಲ.

ಉತ್ತರಾಖಂಡದಲ್ಲಿ ಗಡಿಯಾರ ಬೇರೆ ರೀತಿ ಓಡಿತು. 2016ರ ಮಾರ್ಚ್ 27ರಂದು ಅಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ರಾಷ್ಟ್ರಪತಿಯೂ ತಪ್ಪು ಮಾಡಬಹುದು ಎಂದು ವಿಚಾರಣೆಯ ವೇಳೆ ಹೇಳಿದ ಅಲ್ಲಿನ ಹೈಕೋರ್ಟು, ಏಪ್ರಿಲ್ 21ರಂದು, ಬೊಮ್ಮಾಯಿ ಸರ್ಕಾರ ವಜಾ ಆಗಿ ಸರಿಯಾಗಿ 27 ವರ್ಷಕ್ಕೆ, ಘೋಷಣೆಯನ್ನು ರದ್ದುಮಾಡಿತು. ಸುಪ್ರೀಂ ಕೋರ್ಟು ಮರುದಿನ ಅದಕ್ಕೆ ತಡೆ ಕೊಟ್ಟರೂ ತನ್ನ ನಿಗಾದಲ್ಲೇ ಮೇ 10ರಂದು ಬಹುಮತ ಪರೀಕ್ಷೆ ಮಾಡಿಸಿತು. ಗೆದ್ದ ಹರೀಶ್ ರಾವತ್ ಮತ್ತೆ ಮುಖ್ಯಮಂತ್ರಿಯ ಕುರ್ಚಿಗೆ ಬಂದರು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಸರದಿ. ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪ ಅವರಿಗೆ ಬಹುಮತ ತೋರಿಸಲು 15 ದಿನ ಕೊಟ್ಟರು. ಸುಪ್ರೀಂ ಕೋರ್ಟು ನಡುರಾತ್ರಿ ಕೂತು ಕೇಳಿತು, ಆ 15 ದಿನವನ್ನು ಮೇ 19ರ ಸಂಜೆ 4 ಗಂಟೆಗೆ ಇಳಿಸಿತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಈ ವಜುಭಾಯಿ ವಾಲಾ 1996ರಲ್ಲಿ ಗುಜರಾತ್ ಬಿಜೆಪಿಯ ಅಧ್ಯಕ್ಷರಾಗಿ, 356ರ ಪೆಟ್ಟು ತಿಂದ ಪಕ್ಷದ ಕಡೆ ನಿಂತಿದ್ದವರು.

ಈ ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟರೆ ಕಾನೂನು ಒಂದೇ, ಫಲ ಬೇರೆಬೇರೆ. ಕರ್ನಾಟಕಕ್ಕೆ ಸುಮಾರು ಐದು ವರ್ಷ ಬೇಕಾಯಿತು, ಬಿಹಾರಕ್ಕೆ ನಾಲ್ಕೂವರೆ ತಿಂಗಳು. ಎರಡೂ ಕಡೆ ಗೆಲುವು ಕಾಗದದ ಮೇಲೆ ಉಳಿಯಿತು. ಉತ್ತರಾಖಂಡಕ್ಕೆ ಆರೇ ವಾರ, ಬೆಂಗಳೂರಿಗೆ ಎರಡೇ ದಿನ; ಅಲ್ಲಿ ಗೆಲುವು ಸದನದವರೆಗೆ ತಲುಪಿತು. 361ನೇ ವಿಧಿ ರಾಷ್ಟ್ರಪತಿಯನ್ನು ಕಾಯುವುದಕ್ಕಿಂತ ಗಟ್ಟಿಯಾಗಿ ತಪ್ಪು ಸಹಿಯನ್ನು ಕಾಯುವುದು ವಿಳಂಬ.

ದೂರವೂ ವಿಳಂಬದ ಇನ್ನೊಂದು ರೂಪವೇ. 1989ರಲ್ಲಿ ಅಳ್ನಾವರದ ಯಾರಾದರೂ ಸರ್ಕಾರದ ಆದೇಶವೊಂದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬೇಕೆಂದರೆ ರಾತ್ರಿ ಇಡೀ ಪ್ರಯಾಣ ಮಾಡಿ ಬೆಂಗಳೂರು ಮುಟ್ಟಬೇಕಿತ್ತು. ಉತ್ತರ ಕರ್ನಾಟಕದ ವಕೀಲರು ದಶಕಗಳ ಕಾಲ ಹೋರಾಡಿದ ಮೇಲೆ 2008ರ ಜುಲೈನಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರ ಆಗಸ್ಟ್‌ನಲ್ಲಿ ಅದು ಕಾಯಂ ಆಯಿತು. ಈಗ ಅಳ್ನಾವರವೇ ತಾಲ್ಲೂಕು ಕೇಂದ್ರ. ಬೆಳಿಗ್ಗೆ ಹೊರಟರೆ ಕಲಾಪದ ಹೊತ್ತಿಗೆ ಪೀಠದ ಮುಂದೆ ಇರಬಹುದು. ಮುಖ್ಯಮಂತ್ರಿಯ ಖಟ್ಲೆಗೂ ರೈತನ ಖಟ್ಲೆಗೂ ಬೇಕಾದದ್ದು ಇದೇ: ಹೊತ್ತು ಮೀರುವ ಮುನ್ನ ಕೇಳುವ ಕಿವಿ.

ಬೊಮ್ಮಾಯಿ 2007ರ ಅಕ್ಟೋಬರ್ 10ರಂದು ತೀರಿಕೊಂಡರು. ಅವರ ಮಗ ಬಸವರಾಜ ಬೊಮ್ಮಾಯಿ 2021ರಲ್ಲಿ ಮುಖ್ಯಮಂತ್ರಿಯಾದದ್ದು, 2019ರಲ್ಲಿ ಶಾಸಕರ ರಾಜೀನಾಮೆಗಳಿಂದ ಸಮ್ಮಿಶ್ರ ಸರ್ಕಾರ ಸದನದಲ್ಲಿ 99ಕ್ಕೆ 105ರಂತೆ ಸೋತ ಮೇಲೆ ಬಂದ ಸರ್ಕಾರದ ಮುಂದುವರಿಕೆಯಾಗಿ. ಸಹಿಯಿಂದ ಸರ್ಕಾರ ಉರುಳಿಸುವುದು ಕಷ್ಟವಾದಾಗ ಶಾಸಕರನ್ನು ಒಯ್ದು ಕೂಡಿಹಾಕುವ ರೆಸಾರ್ಟಿನ ದಾರಿ ತೆರೆದುಕೊಂಡಿತು. ಆ ದಾರಿಯಲ್ಲಿ ರಾಷ್ಟ್ರಪತಿಯ ಸಹಿಯೇ ಬೇಕಿಲ್ಲ, ಸದನದ ಎಣಿಕೆಯೂ ಲೆಕ್ಕಾಚಾರದಂತೆ ನಡೆದುಹೋಗುತ್ತದೆ. ಬೊಮ್ಮಾಯಿ ತೀರ್ಪು ಅದಕ್ಕೆ ಮದ್ದಲ್ಲ. ಅದು ಮತದಾರರೇ ಮಾಡಬೇಕಾದ ವಿಚಾರಣೆ. ತೀರ್ಪು ಖಚಿತಪಡಿಸಿದ್ದು ಇಷ್ಟು: ರಾಷ್ಟ್ರಪತಿ ಭವನದಿಂದ ಬಂದ ಕಾಗದವನ್ನೂ ಆಧಾರ ತೋರಿಸು ಎಂದು ಕೇಳಬಹುದು. ಹಾಗೆ ಕೇಳುವ ಹಕ್ಕನ್ನು ಈ ಧಾರವಾಡ ಜಿಲ್ಲೆಯ ವಕೀಲರೊಬ್ಬರು ತಮ್ಮ ಕುರ್ಚಿಯನ್ನು ಕಳೆದುಕೊಂಡು ದೇಶಕ್ಕೆ ಗಳಿಸಿಕೊಟ್ಟರು. ಅದಕ್ಕೆ ಉತ್ತರ ಎಷ್ಟು ದಿನದಲ್ಲಿ ಸಿಗಬೇಕು ಎಂಬುದು ಮಾತ್ರ ಇಂದಿಗೂ ಯಾವ ವಿಧಿಯಲ್ಲೂ ಬರೆದಿಲ್ಲ.